ಬೇಸಿಗೆ ಕೈತೋಟ: ಕೀಳುವುದರಿಂದ ಶುರು ಮಾಡಿ

ಈ ಬರಹವನ್ನು ಬೇಕೆಂದೇ ತಲೆಕೆಳಗು ಮಾಡಿ ಬರೆಯುತ್ತಿದ್ದೇನೆ. ಕೈತೋಟ ಅಂದ ಕೂಡಲೇ ಮಣ್ಣು, ಬೀಜ, ಗೊಬ್ಬರ ಅಂತ ಮಾತು ಶುರುವಾಗುತ್ತದೆ. ಕಾಯಿ ಕೀಳುವ ವಿಷಯ ಕೊನೆಗೆ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನಾನೂ ಮೊದಲ ಬೇಸಿಗೆಯಲ್ಲಿ ಹಾಗೆಯೇ ಕಲಿತೆ. ಗಿಡಗಳು ಚೆನ್ನಾಗಿಯೇ ಬಂದವು, ಹೂ ಬಿಟ್ಟವು, ಕಾಯಿಯೂ ಕಚ್ಚಿದವು. ಆದರೆ ಸೌತೆಕಾಯಿ ಇನ್ನೂ ಸ್ವಲ್ಪ ದೊಡ್ಡದಾಗಲಿ ಅಂತ ಬಿಟ್ಟೆ, ಒಳಗೆಲ್ಲ ಗಟ್ಟಿ ಬೀಜವಾಯಿತು. ಬೆಂಡೆಕಾಯಿಯನ್ನು ರಜೆಯ ದಿನ ಕೀಳೋಣ ಅಂತ ಬಿಟ್ಟೆ, ಆ ಹೊತ್ತಿಗೆ ಅದು ಚಾಕುವಿಗೂ ಬಗ್ಗದಷ್ಟು ನಾರಾಗಿತ್ತು. ಟೊಮೇಟೊ ಎಲ್ಲವನ್ನೂ ಒಟ್ಟಿಗೆ ಕಿತ್ತು ತೊಳೆದು ಫ್ರಿಜ್‌ಗೆ ತುಂಬಿದೆ, ಕೆಲವು ದಿನ ಬಿಟ್ಟು ತಿಂದರೆ ಕೊಂಡು ತಂದ ಹಣ್ಣಿಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ತಿಂಗಳುಗಟ್ಟಲೆ ನೀರು ಹಾಕಿ ಸಾಕಿದ ರುಚಿ ಕೊನೆಯ ನಾಲ್ಕು ದಿನದಲ್ಲಿ ಕೈತಪ್ಪಿ ಹೋಗಿತ್ತು.

ಮನೆಯಲ್ಲಿ ಬೆಳೆದವರಿಗೆ ಇರುವ ದೊಡ್ಡ ಅನುಕೂಲ ಹೊತ್ತು. ಮಾರಾಟಕ್ಕೆ ಹೋಗುವ ಕಾಯಿ ದೂರ ಸಾಗಬೇಕು, ದಾರಿಯಲ್ಲಿ ಜಜ್ಜಿಹೋಗಬಾರದು, ಅಂಗಡಿಯಲ್ಲಿ ಕೆಲವು ದಿನ ನಿಲ್ಲಬೇಕು. ಹಾಗಾಗಿ ಅದನ್ನು ಗಟ್ಟಿ ಇರುವಾಗಲೇ ಕೀಳಬೇಕಾಗುತ್ತದೆ, ತಳಿಯನ್ನೂ ಬಾಳಿಕೆ ನೋಡಿಯೇ ಆರಿಸಬೇಕಾಗುತ್ತದೆ. ನಿಮ್ಮ ಕಾಯಿ ಗಿಡದಿಂದ ತಟ್ಟೆಗೆ ಬಂದರೆ ಸಾಕು. ಅದು ಯಾವ ದಿನ, ಯಾವ ಹೊತ್ತಿನಲ್ಲಿ ಅತಿ ರುಚಿಯಾಗಿರುತ್ತದೋ ಆ ಹೊತ್ತಿಗೇ ಕೀಳಬಹುದು. ಈ ಒಂದು ಅನುಕೂಲವನ್ನು ಪೂರ್ತಿ ಬಳಸಿಕೊಳ್ಳುವುದು ಹೇಗೆ ಅನ್ನುವುದೇ ಈ ಬರಹ. ಕೀಳುವುದು ಮೊದಲು, ಆಮೇಲೆ ತಿನ್ನುವುದು, ಇಡುವುದು, ಕೊನೆಗೆ ಬೆಳೆಯುವುದು.

ಟೊಮೇಟೊ

ಟೊಮೇಟೊ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮನೆಯದಕ್ಕೂ ಕೊಂಡದ್ದಕ್ಕೂ ಇಷ್ಟು ದೊಡ್ಡ ವ್ಯತ್ಯಾಸ ಇರುವ ತರಕಾರಿ ಬೇರೆ ಕಡಿಮೆ.

ಹಸಿರು ಕಾಯಿ ಮೊದಲು ತುದಿಯ ಕಡೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಅಲ್ಲಿ ನಸುಗೆಂಪು ಕಾಣಿಸುತ್ತದೆ. ಇಲ್ಲಿಂದ ಮುಂದೆ ಹಣ್ಣಾಗುವ ಕೆಲಸವನ್ನು ಕಾಯಿ ತಾನೇ ನಡೆಸಿಕೊಂಡು ಹೋಗಬಲ್ಲದು. ಹಣ್ಣಾಗಿಸುವ ಎಥಿಲೀನ್ ಅನ್ನುವ ಅನಿಲವನ್ನು ಅದೇ ಬಿಡುತ್ತಿರುತ್ತದೆ. ಅಂದರೆ ಹಕ್ಕಿ, ಅಳಿಲಿನ ಕಾಟ ಇದ್ದರೆ, ಅಥವಾ ದೊಡ್ಡ ಮಳೆ ಬರುವ ಹಾಗಿದ್ದರೆ, ಕೆಂಪು ಕಾಣಿಸಿದ ಮೇಲೆ ಕಿತ್ತು ಮನೆಯೊಳಗೆ ಇಟ್ಟರೂ ರುಚಿಗೆ ಹೆಚ್ಚು ನಷ್ಟವಿಲ್ಲ. ಕಾಟ ಏನೂ ಇಲ್ಲದಿದ್ದರೆ ಗಿಡದಲ್ಲೇ ಬಿಡಿ. ಪೂರ್ತಿ ಬಣ್ಣ ಬಂದು, ಮುಟ್ಟಿದರೆ ಸ್ವಲ್ಪವೇ ಮೆತ್ತಗಾಗಿ, ಅಂಗೈಯಲ್ಲಿ ಹಿಡಿದು ಹಗುರವಾಗಿ ತಿರುಚಿದರೆ ತೊಟ್ಟಿನ ಗಂಟಿನಲ್ಲಿ ತಾನಾಗಿ ಕಳಚಿಕೊಳ್ಳುವ ಹಣ್ಣು ಹದಕ್ಕೆ ಬಂದಿದೆ ಅಂತ ತಿಳಿಯಿರಿ. ಎಳೆದಾಡಬೇಕಾಗಿ ಬಂದರೆ ಇನ್ನೊಂದು ದಿನ ಕಾಯಿರಿ.

ತೀರಾ ಬಿಸಿಲಿನ ದಿನಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಕಾಯಿ ಕೆಂಪಾಗದೆ ಕಿತ್ತಳೆ ಬಣ್ಣದಲ್ಲೇ ನಿಂತುಬಿಡುತ್ತದೆ. ಇದು ರೋಗವಲ್ಲ. ಕೆಂಪು ಬಣ್ಣ ಕೊಡುವುದು ಲೈಕೋಪೀನ್. ಅದು ಚೆನ್ನಾಗಿ ಕಟ್ಟುವುದು 20ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವಾಗ. 30 ಡಿಗ್ರಿ ದಾಟಿದರೆ ಅದರ ಕೆಲಸ ಕುಂಟುತ್ತದೆ, ಹಳದಿ ಬಣ್ಣದ ಕೆರೋಟಿನ್ ಮಾತ್ರ ಮುಂದುವರಿಯುತ್ತದೆ. ಅಂಥ ದಿನಗಳಲ್ಲಿ ನಾನು ಬಣ್ಣ ತಿರುಗಿದ ಕಾಯಿಗಳನ್ನು ಕಿತ್ತು ಮನೆಯೊಳಗೆ ನೆರಳಿನಲ್ಲಿ ಇಡುತ್ತೇನೆ, ಎರಡು ಮೂರು ದಿನದಲ್ಲಿ ಚೆಂದದ ಕೆಂಪು ಬರುತ್ತದೆ. ಬಿಸಿಲು ತಾಗುವ ಕಿಟಕಿಯ ಹತ್ತಿರ ಇಡಬೇಡಿ, ಹಣ್ಣಾಗುವುದಕ್ಕೆ ಅದಕ್ಕೆ ಬೆಳಕು ಬೇಡ.

ಇನ್ನು ತೊಟ್ಟಿನ ಸುತ್ತ ಕಡುಹಸಿರು ಪಟ್ಟಿ ಇರುವ ಕಾಯಿಗಳನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ. ಎಷ್ಟೋ ಹಳೆಯ ತಳಿಗಳಲ್ಲಿ ಅದು ಸಹಜ. ಇಡೀ ಕಾಯಿ ಒಂದೇ ಸಮ ತಿಳಿಹಸಿರಾಗಿದ್ದು ಒಂದೇ ಸಮ ಕೆಂಪಾಗಲಿ ಅಂತ ತಳಿ ತಯಾರಿಸುವವರು ಸುಮಾರು 70 ವರ್ಷ ಒಂದು ಗುಣವನ್ನು ಆರಿಸುತ್ತಾ ಬಂದರು. ಆ ಗುಣ ಬಂದ ಕಾಯಿಗಳಲ್ಲಿ ಸಕ್ಕರೆ ತಯಾರಿಸಲು ನೆರವಾಗುವ ಒಂದು ಜೀನ್ ಕೆಲಸ ಮಾಡುವುದಿಲ್ಲ ಅಂತ 2012ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಸಿರು ಪಟ್ಟಿಯ ಕಾಯಿ ನೋಡಲು ಅಷ್ಟು ಚೆಂದ ಇಲ್ಲದಿರಬಹುದು. ತಿಂದು ನೋಡಿ.

ಮಧ್ಯಾಹ್ನದ ಬಿಸಿಲಿಗೆ ಬೆಚ್ಚಗಾದ ಟೊಮೇಟೊವನ್ನು ಅಲ್ಲೇ, ಗಿಡದ ಪಕ್ಕದಲ್ಲೇ ನಿಂತು ತಿನ್ನುವುದಕ್ಕೆ ಸಮನಾದದ್ದು ನನಗೆ ಗೊತ್ತಿರುವ ಮಟ್ಟಿಗೆ ಇಲ್ಲ. ಕೈಗೆ ಹತ್ತಿದ ಎಲೆಯ ವಾಸನೆಯೂ ಅದರ ಜೊತೆ ಸೇರುತ್ತದೆ. ಆ ಹಸಿರು ಅಂಟು ಎಲೆ, ಕಾಂಡದ ಮೇಲಿನ ಸಣ್ಣ ರೋಮಗಳಿಂದ ಬರುವುದು. ಸೋಪು ಹಾಕಿ ತೊಳೆದರೂ ಸ್ವಲ್ಪ ಹೊತ್ತು ಹೋಗುವುದಿಲ್ಲ, ನನಗಂತೂ ಅದು ಹೋಗುವುದೂ ಬೇಡ.

ದಿನ ಬಿಟ್ಟು ದಿನ ನೋಡಲೇಬೇಕಾದವು

ಸೌತೆ, ಬೆಂಡೆ, ಬೀನ್ಸ್ ಈ ಮೂರನ್ನೂ ನಾವು ಎಳೆಯದಾಗಿಯೇ ತಿನ್ನುತ್ತೇವೆ. ಟೊಮೇಟೊಗೆ ಕಾಯಬೇಕು, ಇವಕ್ಕೆ ಕಾಯಬಾರದು. ಗಿಡದ ಗುರಿ ಬೀಜ ಮಾಡುವುದು. ಒಂದು ಕಾಯಿ ಬಲಿತು ಬೀಜವಾದರೆ ಗಿಡ ತನ್ನ ಕೆಲಸ ಮುಗಿಯಿತು ಅನ್ನುವ ಹಾಗೆ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ನೀವು ಎಳೆಯದನ್ನು ಕೀಳುತ್ತಿದ್ದಷ್ಟೂ ಅದು ಮತ್ತೆ ಮತ್ತೆ ಕಾಯಿ ಬಿಡುತ್ತದೆ. ಹಾಗಾಗಿ ತಿನ್ನಲು ಬೇಕಿಲ್ಲದಿದ್ದರೂ ಕೀಳಿರಿ. ಎಲೆಯ ಮರೆಯಲ್ಲಿ ಕಣ್ಣಿಗೆ ಬೀಳದೆ ಹಳದಿಯಾದ ಒಂದೇ ಒಂದು ಸೌತೆಕಾಯಿ ಇಡೀ ಬಳ್ಳಿಯನ್ನು ನಿಧಾನ ಮಾಡುತ್ತದೆ. ಹಾಗಾಗಿ ಎಲೆ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಬೆಂಡೆ ಹೂ ಬಿಟ್ಟ 4ರಿಂದ 6 ದಿನಕ್ಕೆ ಕೀಳಲು ಬರುತ್ತದೆ, ಬೆರಳುದ್ದ ಇದ್ದರೆ ಸಾಕು, ಅಂದರೆ 7ರಿಂದ 10 ಸೆಂಟಿಮೀಟರ್. ತುದಿ ಮುರಿದು ನೋಡಿ, ಪಟ್ ಅಂತ ಮುರಿದರೆ ಎಳೆಯದು, ಬಾಗಿದರೆ ಬಲಿತಿದೆ. ಬಿಸಿಲು ಜೋರಿದ್ದಾಗ ಎರಡೇ ದಿನದಲ್ಲಿ ಕೈಮೀರಿ ಹೋಗುತ್ತದೆ, ಅದಕ್ಕೇ ದಿನ ಬಿಟ್ಟು ದಿನ ಅಂದಿದ್ದು. ಗಿಡದ ಸುಂಕು ಕೆಲವರ ಕೈಗೆ ತುರಿಕೆ ತರುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಂಡರೆ ಒಳ್ಳೆಯದು.

ಸೌತೆಯನ್ನು ಬೆಳಗಿನ ತಂಪಿನಲ್ಲಿ ಕೀಳಿರಿ. ಅದರ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ರಾತ್ರಿಯಿಡೀ ನೀರು ತುಂಬಿಕೊಂಡ ಕಾಯಿ ಬೆಳಿಗ್ಗೆ ಕರುಂ ಅನ್ನುತ್ತದೆ, ಮಧ್ಯಾಹ್ನ ಅದೇ ಕಾಯಿ ಸಪ್ಪಗಿರುತ್ತದೆ. ಕಹಿ ಬಂದರೆ? ಅದು ಕುಕುರ್ಬಿಟಾಸಿನ್ ಅನ್ನುವ ವಸ್ತು. ಬಳ್ಳಿಗೆ ಬಿಸಿಲ ಝಳ, ನೀರಿನ ಕೊರತೆ ತಾಗಿದಾಗ ಜಾಸ್ತಿಯಾಗುತ್ತದೆ, ತೊಟ್ಟಿನ ಕಡೆ ಮತ್ತು ಸಿಪ್ಪೆಯಲ್ಲಿ ಹೆಚ್ಚಿರುತ್ತದೆ. ತೊಟ್ಟಿನ ಕಡೆ ಎರಡು ಬೆರಳಿನಷ್ಟು ಕೊಯ್ದು, ದಪ್ಪ ಸಿಪ್ಪೆ ತೆಗೆದರೆ ಸಣ್ಣ ಕಹಿ ಹೋಗುತ್ತದೆ. ತೀರಾ ಕಹಿ ಇದ್ದರೆ ಮಾತ್ರ ಮುಲಾಜಿಲ್ಲದೆ ಎಸೆಯಿರಿ. ಸೌತೆ, ಸೋರೆ, ಕುಂಬಳ ಯಾವುದೇ ಆಗಲಿ, ಬಾಯಿಗಿಡಲಾರದಷ್ಟು ಕಹಿ ಇರುವುದನ್ನು ತಿಂದರೆ ಹೊಟ್ಟೆ ಕೆಡುತ್ತದೆ, ಬೇಯಿಸಿದರೂ ಆ ಕಹಿ ಹೋಗುವುದಿಲ್ಲ.

ಬೀನ್ಸ್ ಒಳಗಿನ ಬೀಜ ಹೊರಗೆ ಉಬ್ಬಿ ಕಾಣುವ ಮುಂಚೆ ಕೀಳಬೇಕು, ಹೂ ಬಿಟ್ಟ 10ರಿಂದ 15 ದಿನದ ಹೊತ್ತಿಗೆ. ಎಲೆ ಒದ್ದೆ ಇರುವಾಗ ಬೀನ್ಸ್ ಗಿಡದ ನಡುವೆ ಓಡಾಡಬೇಡಿ, ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ನಿಮ್ಮ ಕೈಯಿಂದಲೇ ಹರಡುತ್ತದೆ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಕಾಯಿ ಚಿವುಟಿ. ಇದನ್ನು ಮಾತ್ರ ತೋಟದಲ್ಲೇ ಹಸಿಯಾಗಿ ತಿನ್ನಬೇಡಿ. ಹಸಿ ಬೀನ್ಸ್‌ನಲ್ಲಿ ಹೊಟ್ಟೆಗೆ ಆಗದ ಲೆಕ್ಟಿನ್ ಅನ್ನುವ ವಸ್ತು ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ.

ಬದನೆಗೆ ಹೊಳಪೇ ಗುರುತು. ಸಿಪ್ಪೆ ಮಿರಮಿರ ಮಿಂಚುತ್ತಿರುವಾಗ ಕೊಯ್ಯಿರಿ, ಹೊಳಪು ಹೋಗಿ ಮಾಸಿದರೆ ಒಳಗೆ ಬೀಜ ಬಲಿತು ಕಂದಾಗಿರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಗುಳಿ ಮೆಲ್ಲಗೆ ಮೇಲೆದ್ದು ಬಂದರೆ ಸರಿಯಾದ ಹದ. ತೊಟ್ಟು ಗಟ್ಟಿ, ಕೈಯಿಂದ ಎಳೆದರೆ ಕೊಂಬೆಯೇ ಸೀಳಿ ಬರುತ್ತದೆ, ಕತ್ತರಿ ಬಳಸಿ.

ಸಿಹಿ ಜೋಳಕ್ಕೆ ಮೊದಲು ನೀರು ಕಾಯಲು ಇಡಿ

ಹೌದು, ಒಲೆಯ ಮೇಲೆ ನೀರು ಇಟ್ಟ ಮೇಲೆ ತೆನೆ ಮುರಿಯಲು ಹೋಗಿ. ಸಿಹಿ ಜೋಳದ, ಅಂದರೆ ಸ್ವೀಟ್ ಕಾರ್ನ್‌ನ, ತೆನೆಯನ್ನು ಗಿಡದಿಂದ ಬೇರ್ಪಡಿಸಿದ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಹಳೆಯ ಬಗೆಯ ಸಿಹಿ ಜೋಳವನ್ನು ಬೇಸಿಗೆಯ ಶಾಖದಲ್ಲಿ ಒಂದು ದಿನ ಹೊರಗಿಟ್ಟರೆ ಅರ್ಧದಷ್ಟು ಸಿಹಿ ಹೋಗಿಬಿಡಬಹುದು. ಈಗಿನ ಅತಿಸಿಹಿ ತಳಿಗಳು ಇನ್ನೂ ಕೆಲವು ದಿನ ತಡೆಯುತ್ತವೆ, ಆದರೂ ಕಿತ್ತ ಹತ್ತು ನಿಮಿಷದ ತೆನೆಯ ಘಮ ಬೇರೆಯೇ.

ತೆನೆಯ ತುದಿಯ ಕೂದಲು ಕಂದಾಗಿ ಒಣಗಿ, ಹೊರಗಿನ ಸಿಪ್ಪೆ ಇನ್ನೂ ಹಸಿರಾಗಿದ್ದರೆ ಅದು ಕೀಳುವ ಹೊತ್ತು. ಕೂದಲು ಹೊರಬಂದ ಸುಮಾರು ಮೂರು ವಾರಕ್ಕೆ ಈ ಹದ ಬರುತ್ತದೆ. ಸಿಪ್ಪೆ ಸ್ವಲ್ಪವೇ ಸರಿಸಿ ಒಂದು ಕಾಳಿಗೆ ಉಗುರು ಚುಚ್ಚಿ. ನೀರು ಬಂದರೆ ಇನ್ನೂ ಬೇಗ, ಹಾಲು ಬಂದರೆ ಸರಿ, ಹಿಟ್ಟಿನ ಹಾಗೆ ಗಟ್ಟಿಯಿದ್ದರೆ ತಡವಾಯಿತು. ಕಾಳು ಅಲ್ಲಲ್ಲಿ ಬಿಟ್ಟುಹೋಗಿದ್ದರೆ ಅದಕ್ಕೆ ಕಾರಣ ಇದೆ. ಪ್ರತಿ ಕೂದಲೂ ಒಂದೊಂದು ಕಾಳಿನದು, ಅದಕ್ಕೆ ಪರಾಗ ತಾಗಿದರೆ ಮಾತ್ರ ಆ ಕಾಳು ತುಂಬುತ್ತದೆ. ಪರಾಗ ಗಾಳಿಯಲ್ಲಿ ಬರುವುದರಿಂದ ಜೋಳವನ್ನು ಒಂದೇ ಉದ್ದ ಸಾಲಿನಲ್ಲಿ ಹಾಕದೆ ನಾಲ್ಕು ಸಾಲು ಚೌಕವಾಗಿ ಹಾಕಬೇಕು. ಇದು ಕುಂಡದಲ್ಲಿ ಬೆಳೆಯುವವರಿಗೆ ಅಷ್ಟು ಹೊಂದುವ ಬೆಳೆ ಅಲ್ಲ. ಜಾಗ ಇದ್ದರೆ ಮಾತ್ರ ಹಾಕಿ, ಇದ್ದರೆ ಖಂಡಿತ ಹಾಕಿ.

ಮೂರು ನಿಮಿಷ ಕುದಿಸಿದರೆ ಸಾಕು. ಬೇರೇನೂ ಬೇಡ.

ಮೆಣಸು, ಕಲ್ಲಂಗಡಿ, ಸೊಪ್ಪು

ಮೆಣಸಿನಕಾಯಿ ಹಸಿರಿದ್ದಾಗಲೂ ಕೀಳಬಹುದು, ಕೆಂಪಾಗಲು ಬಿಟ್ಟರೆ ಸಿಹಿಯೂ ಸಿ ಜೀವಸತ್ವವೂ ಹೆಚ್ಚುತ್ತವೆ. ಮೊದಲು ಬಂದವನ್ನು ಹಸಿರಲ್ಲೇ ಕಿತ್ತುಬಿಡಿ, ಗಿಡ ಜೋರಾಗಿ ಕವಲೊಡೆಯುತ್ತದೆ, ಆಮೇಲಿನವನ್ನು ಕೆಂಪಾಗಲು ಬಿಡಿ. ಖಾರ ಬೀಜದಲ್ಲಿದೆ ಅಂತ ಬಹಳ ಜನ ನಂಬಿದ್ದಾರೆ. ನಿಜವಾಗಿ ಖಾರ ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ, ಬೀಜಕ್ಕೆ ಅದು ತಾಗಿರುತ್ತದೆ ಅಷ್ಟೇ. ಖಾರ ಕಡಿಮೆ ಬೇಕಾದರೆ ಆ ಬಿಳಿ ಭಾಗವನ್ನು ಕೆರೆದು ತೆಗೆಯಿರಿ.

ಕಲ್ಲಂಗಡಿ ಒಮ್ಮೆ ಕಿತ್ತ ಮೇಲೆ ಸಿಹಿಯಾಗುವುದಿಲ್ಲ, ಹಾಗಾಗಿ ಆತುರ ಮಾಡಿದರೆ ಪೂರ್ತಿ ನಷ್ಟ. ತಟ್ಟಿ ಶಬ್ದ ಕೇಳುವುದಕ್ಕೆ ಅನುಭವ ಬೇಕು. ಅದಕ್ಕಿಂತ ಸುಲಭದ ಗುರುತು ಎರಡಿವೆ. ಕಾಯಿಯ ತೊಟ್ಟು ಬಳ್ಳಿಗೆ ಸೇರುವ ಜಾಗದಲ್ಲಿ ಒಂದು ಸುರುಳಿ ಕುಡಿ ಇರುತ್ತದೆ, ಅದು ಕಂದಾಗಿ ಒಣಗಿರಬೇಕು. ಕಾಯಿ ನೆಲಕ್ಕೆ ತಾಗಿದ ಕಡೆ ಬಿಳಿ ಇದ್ದದ್ದು ಬೆಣ್ಣೆಯ ಹಳದಿಗೆ ತಿರುಗಿರಬೇಕು. ಎರಡೂ ಇದ್ದರೆ ಕೊಯ್ಯಿರಿ. ಘಮಘಮಿಸುವ ಕರ್ಬೂಜ ಇನ್ನೂ ಸುಲಭ. ಹಣ್ಣಾದಾಗ ತೊಟ್ಟಿನ ಸುತ್ತ ಸಣ್ಣ ಬಿರುಕು ಬಂದು, ಹೆಬ್ಬೆರಳಿನಿಂದ ಹಗುರವಾಗಿ ಒತ್ತಿದರೆ ಕಳಚಿಕೊಂಡು ಬರುತ್ತದೆ.

ಸೊಪ್ಪನ್ನು ಬಿಸಿಲೇರುವ ಮುಂಚೆಯೇ ಕೊಯ್ಯಿರಿ. ಹರಿವೆ ಬಿತ್ತಿದ 25ರಿಂದ 30 ದಿನಕ್ಕೆ ಸಿಗುತ್ತದೆ, ಬೇಸಿಗೆಯಲ್ಲಿ ಇಷ್ಟು ಬೇಗ ಕೈಗೆ ಬರುವ ಬೆಳೆ ಹುಡುಕಿದರೂ ಸಿಗುವುದು ಕಷ್ಟ, ಹೊಸಬರು ಇದರಿಂದಲೇ ಶುರು ಮಾಡಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊತ್ತಂಬರಿ ಶಾಖಕ್ಕೆ ಬೇಗ ಹೂಗಡ್ಡಿ ಎತ್ತುತ್ತದೆ. ಅದನ್ನು ತಡೆಯಲು ಆಗುವುದಿಲ್ಲ, ಮಧ್ಯಾಹ್ನದ ನೆರಳು ಕೊಟ್ಟು, ಎರಡು ವಾರಕ್ಕೊಮ್ಮೆ ಒಂದು ಹಿಡಿ ಹೊಸದಾಗಿ ಬಿತ್ತುತ್ತಿರಿ. ಪುದೀನ ಒಂದು ಕಡ್ಡಿ ನೆಟ್ಟರೆ ಬರುತ್ತದೆ, ಆದರೆ ಬೇರು ಹರಡಿ ಉಳಿದದ್ದನ್ನೆಲ್ಲ ನುಂಗುತ್ತದೆ. ಅದಕ್ಕೆ ಬೇರೆ ಕುಂಡವೇ ಇರಲಿ.

ತಿನ್ನುವುದು, ಇಡುವುದು

ಈಗಷ್ಟೇ ಕಿತ್ತದ್ದಕ್ಕೆ ಅಡುಗೆ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಟೊಮೇಟೊವನ್ನು ದಪ್ಪ ಬಿಲ್ಲೆಗಳಾಗಿ ಕೊಯ್ದು, ಉಪ್ಪು ಉದುರಿಸಿ, ಹತ್ತು ನಿಮಿಷ ಸುಮ್ನೆ ಬಿಡಿ. ಉಪ್ಪು ರಸವನ್ನು ಹೊರಗೆ ಎಳೆಯುತ್ತದೆ, ಆ ರಸ ತಟ್ಟೆಯಲ್ಲಿ ನಿಂತು ತಾನೇ ಒಂದು ಸಾರಾಗುತ್ತದೆ. ಅದನ್ನು ಚೆಲ್ಲಬೇಡಿ, ಕೊನೆಗೆ ಕುಡಿಯಿರಿ. ಎಳೆ ಸೌತೆಗೆ ಉಪ್ಪು, ನಿಂಬೆ ಸಾಕು. ಎಳೆ ಬೆಂಡೆಯನ್ನು ಇಡಿಯಾಗಿಯೇ ಬಿಸಿ ಬಾಣಲೆಯಲ್ಲಿ ಹೊರಳಿಸಿ ನೋಡಿ, ತುಂಬಾ ಹೊತ್ತು ಬೇಡ, ಅಲ್ಲಲ್ಲಿ ಕಪ್ಪು ಚುಕ್ಕಿ ಬಂದರೆ ಆಯಿತು. ಮಕ್ಕಳು ತರಕಾರಿ ತಿನ್ನುವುದಿಲ್ಲ ಅಂತ ಬೇಸರ ಪಡುವವರು ಚಿಕ್ಕ ಚೆರ್ರಿ ಟೊಮೇಟೊ ಗಿಡವೊಂದನ್ನು ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಇಡಲಿ. ಆ ಗಿಡದ ಒಂದು ಹಣ್ಣೂ ಅಡುಗೆಮನೆ ತಲುಪುವುದಿಲ್ಲ!

ಹಣ್ಣಾದ ಟೊಮೇಟೊವನ್ನು ಫ್ರಿಜ್‌ನಲ್ಲಿ ಇಡಬೇಡಿ. ಸುಮಾರು 12 ಡಿಗ್ರಿಗಿಂತ ತಂಪಾದ ಕಡೆ ದಿನಗಟ್ಟಲೆ ಇದ್ದರೆ ಪರಿಮಳ ಕೊಡುವ ವಸ್ತುಗಳು ತಯಾರಾಗುವುದು ನಿಲ್ಲುತ್ತದೆ, ಉಳಿಯುವುದು ಹುಳಿ ಮತ್ತು ನೀರು. ಹೊರಗೆ ನೆರಳಿನಲ್ಲಿ, ತೊಟ್ಟಿನ ಕಡೆ ಕೆಳಗೆ ಮಾಡಿ, ಒಂದರ ಮೇಲೊಂದು ಹೇರದೆ ಇಡಿ. ತೊಟ್ಟು ಇದ್ದ ಗಾಯದ ಜಾಗದಿಂದಲೇ ನೀರು ಆರಿಹೋಗುವುದು, ಅದಕ್ಕೇ ಅದು ಕೆಳಗೆ. ತೀರಾ ಹಣ್ಣಾಗಿ ಇನ್ನೇನು ಕೆಡುತ್ತದೆ ಅನ್ನುವಾಗ ಬೇರೆ ದಾರಿಯಿಲ್ಲ, ಫ್ರಿಜ್‌ಗೆ ಹಾಕಿ, ತಿನ್ನುವ ಕೆಲವು ಗಂಟೆ ಮುಂಚೆ ಹೊರಗೆ ತೆಗೆದಿಡಿ. ಸೌತೆ, ಬದನೆ, ಬೆಂಡೆಗೂ ಅತಿ ತಂಪು ಆಗದು, ಎರಡು ಮೂರು ದಿನದೊಳಗೆ ಮುಗಿಸಿ. ಸೊಪ್ಪನ್ನು ಮಾತ್ರ ಒದ್ದೆಯಾರಿಸಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡಬಹುದು.

ಒಂದೇ ವಾರ ರಾಶಿ ಬಂದುಬಿಟ್ಟರೆ? ಬರುತ್ತದೆ, ಬೇಸಿಗೆ ತೋಟದ ಸ್ವಭಾವವೇ ಅದು. ಟೊಮೇಟೊವನ್ನು ತೊಳೆದು ಒರೆಸಿ ಇಡಿಯಾಗಿಯೇ ಫ್ರೀಜರ್‌ಗೆ ಹಾಕಿ. ಬೇಕಾದಾಗ ತೆಗೆದು ನಲ್ಲಿಯ ನೀರಿನ ಕೆಳಗೆ ಹಿಡಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ಹಸಿಯಾಗಿ ತಿನ್ನಲು ಆಗದು, ಬೇಯಿಸುವುದಕ್ಕೆ ತುಂಬಾ ಚೆನ್ನಾಗಿರುತ್ತದೆ. ಮೆಣಸಿನಕಾಯಿಯನ್ನೂ ಹಾಗೇ ಇಡಬಹುದು. ಬೀನ್ಸ್ ಆದರೆ ಕುದಿಯುವ ನೀರಿನಲ್ಲಿ 3 ನಿಮಿಷ ಹಾಕಿ, ತಕ್ಷಣ ಐಸ್ ನೀರಿಗೆ ಹಾಕಿ ತಣಿಸಿ, ನೀರು ಬಸಿದು ಆಮೇಲೆ ಫ್ರೀಜರ್‌ಗೆ. ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಡಿ, ಆದರೆ ಅವರಿಗೂ ಎಳೆಯದನ್ನೇ ಕೊಡಿ. ನಿಮಗೆ ಬೇಡವಾದ ಬಲಿತ ಬೆಂಡೆ ಅವರಿಗೂ ಬೇಡ, ಅಲ್ವಾ?

ಇನ್ನು ಬೆಳೆಯುವ ಮಾತು

ಹೀಗೆ ಕೀಳಬೇಕು, ಹೀಗೆ ತಿನ್ನಬೇಕು ಅಂತ ಗೊತ್ತಾದ ಮೇಲೆ ಏನು ಬೆಳೆಯಬೇಕು ಅನ್ನುವುದು ಸುಲಭವಾಗುತ್ತದೆ. ಕಿತ್ತ ಕೂಡಲೇ ತಿಂದರೆ ಯಾವುದರ ರುಚಿ ಬದಲಾಗುತ್ತದೋ ಅದನ್ನು ಬೆಳೆಯಿರಿ. ಜಾಗ ಕಡಿಮೆ ಇದ್ದರೆ ಆಲೂಗಡ್ಡೆ, ಈರುಳ್ಳಿ ಬೇಡ, ಅವು ಎಲ್ಲಿಂದ ತಂದರೂ ಹೆಚ್ಚು ವ್ಯತ್ಯಾಸ ಇಲ್ಲ. ಒಂದು ಟೊಮೇಟೊ, ಒಂದು ಮೆಣಸು, ಒಂದು ಸೌತೆ ಬಳ್ಳಿ, ನಾಲ್ಕು ಬೆಂಡೆ ಗಿಡ, ಒಂದು ಪಾತಿ ಸೊಪ್ಪು. ಇಷ್ಟಕ್ಕೇ ದಿನವೂ ಒಂದು ಗಂಟೆ ಹೋಗುತ್ತದೆ. ಮೊದಲ ವರ್ಷ ಇದಕ್ಕಿಂತ ಜಾಸ್ತಿ ಹಾಕಬೇಡಿ.

ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು, ಸೊಪ್ಪಿಗೆ ಅದರ ಅರ್ಧ ಸಾಕು. ಕುಂಡದಲ್ಲಾದರೆ ಟೊಮೇಟೊ, ಬದನೆಗೆ ಒಂದೊಂದಕ್ಕೆ ಕನಿಷ್ಠ 15ರಿಂದ 20 ಲೀಟರ್ ಮಣ್ಣು ಹಿಡಿಯುವ ಕುಂಡ ಬೇಕು. ಚಿಕ್ಕ ಕುಂಡ ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಒಣಗಿಬಿಡುತ್ತದೆ. ಸಾರಜನಕ ಹೆಚ್ಚಿರುವ ಗೊಬ್ಬರ ಸುರಿದರೆ ಎಲೆ ಸೊಂಪಾಗಿ ಬರುತ್ತದೆ, ಕಾಯಿ ಬರುವುದಿಲ್ಲ. ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ನೆಡುವಾಗ ಒಮ್ಮೆ, ಹೂ ಬಿಡುವಾಗ ಒಮ್ಮೆ ಹಾಕಿದರೆ ಸಾಕು.

ನೀರಿನ ವಿಷಯದಲ್ಲಿ ಸಮನಾಗಿ ಕೊಡುವುದೇ ಮುಖ್ಯ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಬುಡಕ್ಕೆ ನಿಧಾನವಾಗಿ, ಬೇರಿನ ಆಳಕ್ಕೆ ಇಳಿಯುವಷ್ಟು ಹಾಕಿ. ಬೆಳಗಿನ ಹೊತ್ತು ಒಳ್ಳೆಯದು. ನಾಲ್ಕು ದಿನ ಒಣಗಲು ಬಿಟ್ಟು ಐದನೆಯ ದಿನ ಹೊಳೆ ಹರಿಸಿದರೆ ಟೊಮೇಟೊ ಬಿರಿಯುತ್ತದೆ, ಅದರ ತುದಿ ಕಪ್ಪಾಗಿ ಕೊಳೆಯುತ್ತದೆ. ತುದಿ ಕೊಳೆಯುವುದು ಕಾಯಿಗೆ ಸುಣ್ಣದ ಅಂಶ ತಲುಪದೆ ಆಗುವ ತೊಂದರೆ. ಬಹಳ ಸಲ ಮಣ್ಣಿನಲ್ಲಿ ಅದು ಇದ್ದೇ ಇರುತ್ತದೆ, ನೀರು ಏರುಪೇರಾದ್ದರಿಂದ ಕಾಯಿಗೆ ಮುಟ್ಟಿರುವುದಿಲ್ಲ. ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ನೋಡಿ ಗಾಬರಿಯಾಗಬೇಡಿ, ಸಂಜೆ ನೋಡಿ. ಸಂಜೆಯೂ ತಲೆ ಎತ್ತದಿದ್ದರೆ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ನೀರು ಬೇಕು.

ಒಂದೇ ಒಂದು ಕೆಲಸ ಮಾಡಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಬುಡಕ್ಕೆ ಹೊದಿಕೆ ಹಾಕಿ ಅಂತ. ಒಣ ಎಲೆ, ಹುಲ್ಲು ಯಾವುದಾದರೂ ಸರಿ, ಎರಡು ಮೂರು ಇಂಚು ದಪ್ಪ, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಬಿಟ್ಟು ಹರಡಿ. ಮಣ್ಣು ತಂಪಾಗಿರುತ್ತದೆ, ನೀರು ನಿಲ್ಲುತ್ತದೆ, ಕಳೆ ಕಡಿಮೆ, ನೀರು ಹಾಕುವಾಗ ಮಣ್ಣು ಎಲೆಗೆ ಸಿಡಿಯುವುದಿಲ್ಲ. ನಾನು ಹೊದಿಕೆ ಹಾಕಲು ಶುರು ಮಾಡಿದ ವರ್ಷದಿಂದ ನೀರು ಹಾಕುವ ಕೆಲಸ ಹೆಚ್ಚುಕಡಿಮೆ ಅರ್ಧವಾಯಿತು. ಹಣ್ಣಿಗೆ ಬಣ್ಣ ತಿರುಗುವ ಹೊತ್ತಿಗೆ ನೀರನ್ನು ಸ್ವಲ್ಪ ಹಿಡಿದು ಹಾಕಿ. ಗಿಡ ಬಾಡಬಾರದು, ಆದರೆ ತುಂಬಿ ತುಳುಕಲೂ ಬಾರದು. ಟೊಮೇಟೊ, ಕಲ್ಲಂಗಡಿ ಎರಡರಲ್ಲೂ ರುಚಿ ಗಟ್ಟಿಯಾಗುತ್ತದೆ.

ಹೂ ಉದುರುವುದು ಎಲ್ಲರ ದೂರು. ಹಗಲು 32ರಿಂದ 35 ಡಿಗ್ರಿ ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಟೊಮೇಟೊ ಹೂವಿನ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಗಿಡ ಆರೋಗ್ಯವಾಗಿದ್ದರೆ ಶಾಖ ಇಳಿದ ಮೇಲೆ ಮತ್ತೆ ಕಚ್ಚುತ್ತದೆ. ಅಷ್ಟರವರೆಗೆ ಮಧ್ಯಾಹ್ನ ತೆಳು ನೆರಳು ಬಲೆ ಕಟ್ಟಿ. ಚೆರ್ರಿ ಟೊಮೇಟೊ ದೊಡ್ಡ ಹಣ್ಣಿನ ತಳಿಗಳಿಗಿಂತ ಚೆನ್ನಾಗಿ ತಡೆಯುತ್ತದೆ, ಬೆಂಡೆಗಂತೂ ಈ ಶಾಖವೇ ಹಿಗ್ಗು. ಬೆಳಿಗ್ಗೆ ಟೊಮೇಟೊ ಹೂಗೊಂಚಲನ್ನು ಬೆರಳಿನಲ್ಲಿ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಕಚ್ಚುವುದು ಹೆಚ್ಚುತ್ತದೆ. ಜೇನುನೊಣ ಬಾರದ ಎತ್ತರದ ಬಾಲ್ಕನಿಯಲ್ಲಿ ಸೌತೆ, ಕುಂಬಳ ಬೆಳೆಯುವವರು ಗಂಡು ಹೂ ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರಬೇಕು. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಈ ಕೆಲಸ ಬೆಳಿಗ್ಗೆಯೇ ಆಗಬೇಕು, ಹೂ ಬೇಗ ಮುಚ್ಚಿಕೊಳ್ಳುತ್ತದೆ.

ಹುಳುಹುಪ್ಪಟೆಗೆ ನಾನು ಮೊದಲು ಬಳಸುವುದು ಕಣ್ಣು. ದಿನವೂ ಕೀಳಲು ಹೋಗುತ್ತೀರಲ್ಲ, ಆಗಲೇ ಎಲೆ ಮಗುಚಿ ನೋಡಿ. ಗಿಡಹೇನು ಕಂಡರೆ ನೀರನ್ನು ಜೋರಾಗಿ ಎರಚಿ ತೊಳೆದರೆ ಬಹಳಷ್ಟು ಹೋಗುತ್ತವೆ. ನಾಳೆ ಕೀಳಬೇಕಾದ ಕಾಯಿಯ ಮೇಲೆ ಇವತ್ತು ಔಷಧಿ ಹೊಡೆಯಬೇಡಿ.

ಕೊನೆಗೆ ಬೀಜ. ಇಡೀ ಬೇಸಿಗೆಯಲ್ಲಿ ಅತಿ ರುಚಿಯಾಗಿದ್ದ ಟೊಮೇಟೊ ಗಿಡ ಯಾವುದು ಅಂತ ನಿಮಗೆ ಆ ಹೊತ್ತಿಗೆ ಗೊತ್ತಿರುತ್ತದೆ. ಅದಕ್ಕೆ ಒಂದು ದಾರ ಕಟ್ಟಿಡಿ. ಹೈಬ್ರಿಡ್ ಆದರೆ ಬೀಜದಿಂದ ಅದೇ ಗುಣ ಬರುವುದಿಲ್ಲ, ನಾಟಿ ತಳಿಯಾದರೆ ಬರುತ್ತದೆ. ಅದರ ಅತಿ ಒಳ್ಳೆಯ ಹಣ್ಣೊಂದನ್ನು ತಿನ್ನದೆ ಪೂರ್ತಿ ಮಾಗಲು ಬಿಡಿ. ಇದು ಸುಲಭವಲ್ಲ, ನನಗೆ ಪ್ರತಿ ವರ್ಷವೂ ಮನಸ್ಸು ಕಷ್ಟಪಡುತ್ತದೆ. ಬೀಜವನ್ನು ಅದರ ಲೋಳೆಯ ಸಮೇತ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಸೇರಿಸಿ, ಎರಡು ಮೂರು ದಿನ ಹುಳಿಯಲು ಬಿಡಿ. ಮೊಳಕೆ ತಡೆಯುವ ಲೋಳೆ ಕರಗಿ ಒಳ್ಳೆಯ ಬೀಜ ತಳಕ್ಕೆ ಇಳಿಯುತ್ತದೆ. ತೊಳೆದು, ತಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಿ. ಕಾಗದಕ್ಕೆ ಹಾಕಿದರೆ ಅಂಟಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕವರಿಗೆ ತುಂಬಿ, ತಳಿಯ ಹೆಸರು, ವರ್ಷ ಬರೆದು, ತೇವ ಇಲ್ಲದ ತಂಪು ಜಾಗದಲ್ಲಿ ಇಡಿ. ನಾಲ್ಕೈದು ವರ್ಷ ಚೆನ್ನಾಗಿಯೇ ಮೊಳೆಯುತ್ತದೆ.